ಪಟದ ಮೇಲೆ ಕೂತ ಕಾಗೆ

೭-೯-೧೯೬೫, ಮಂಗಳವಾರ. ಬೆಳಿಗ್ಗೆ

ಕಾಫಿಗೆ ಮೊದಲೇ ಪ್ರೂಫ್. ನಲ್ಲಿ ನೀರಿನ ಸುದ್ದಿ. ವಾರಕ್ಕೊಮ್ಮೆ ಬರುವ ನೀರನ್ನು ವಾರಕ್ಕೊಮ್ಮೆ ಬರುವ ಪತ್ರಿಕೆ ದೂರುವುದು ನ್ಯಾಯವೇ ಎಂದು ಯೋಚಿಸಿ, ದೂರಿದೆ. ಶೀರ್ಷಿಕೆ: ‘ನಲ್ಲಿಗೆ ನಿದ್ದೆ, ಕೊಡಗಳು ಎದ್ದೇ’. ಅರ್ಥ ಕುಂಟುತ್ತದೆ, ಪ್ರಾಸ ನಡೆಯುತ್ತದೆ. ಇರಲಿ. ಪತ್ರಿಕೆಯ ಹೆಸರೇ ‘ಊರುಗೋಲು’.

ಅಡುಗೆಮನೆಯಿಂದ ಚಿಕ್ಕಲಕ್ಷ್ಮಮ್ಮ: “ಪ್ರಾಸ ಸಿಕ್ಕಿದ್ರೆ ಬನ್ನಿ, ಕಾಫಿ ಆರ್ತಾ ಇದೆ. ಸಿಗದಿದ್ರೂ ಬನ್ನಿ.” ಇಪ್ಪತ್ತು ವರ್ಷದ ಸಂಸಾರ. ನನ್ನ ಒಂದು ಸಾಲನ್ನೂ ಹೊಗಳಿದವಳಲ್ಲ. ಒಂದನ್ನೂ ಮರೆತವಳೂ ಅಲ್ಲ.

ಹೊರಗೆ ಮಂಜು. ಪಾರ್ಕಿನ ರೇಡಿಯೋ ಮುಂದೆ ಕಂಬಳಿ ಹೊದ್ದ ಜನ, ಮರಗಳ ನಡುವೆ ಇನ್ನಷ್ಟು ಮರಗಳ ಹಾಗೆ. ಲಾಹೋರಿನ ಕಡೆ ಹೊಸ ರಣರಂಗವಂತೆ. ದನಿ ಕೇಳುತ್ತದೆ, ಬಾಯಿ ಕಾಣುವುದಿಲ್ಲ. ಕನಸಿನಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ… ನಾನೂ ಸ್ವಲ್ಪ ಹೊತ್ತು ಮರವಾಗಿ ನಿಂತೆ.

ಯಜಮಾನರು ಕೃಷ್ಣಪ್ಪನವರು — ಪತ್ರಿಕೆ ಅವರದು, ಪ್ರೆಸ್ ಅವರದು, ಪಕ್ಕದ ತೆಂಗಿನಕಾಯಿ ಮಂಡಿಯೂ ಅವರದು — ಕೇಳಿದರು: “ಮೇಷ್ಟ್ರೇ, ಯುದ್ಧ ನಮ್ಮ ಜಿಲ್ಲೆಗೆ ಯಾವಾಗ ಬರುತ್ತೆ?”

“ಬರದೇ ಇರಲಿ ಸಾರ್.”

“ಅಯ್ಯೋ, ನಮ್ಮ ಪೇಪರಿಗೆ ಅಂತ ಕೇಳಿದ್ದು. ಬೆಂಗಳೂರು ಪೇಪರುಗಳು ಬಸ್ ಇಳಿಯೋದರೊಳಗೆ ಖಾಲಿ. ನಾವಿಲ್ಲಿ ನಲ್ಲಿ ಹಿಡ್ಕೊಂಡು ಕೂತಿದ್ದೀವಿ.”

ಮೇಷ್ಟರಿಕೆ ಬಿಟ್ಟು ಎಷ್ಟೋ ಕಾಲವಾಯಿತು. ಹೆಸರು ಬಿಟ್ಟಿಲ್ಲ. ಕನ್ನಡ ಬಿ.ಎ. ಮಾಡಿದವನು ಹಾಸನದಲ್ಲಿ ಒಂದೋ ಮೇಷ್ಟ್ರು, ಇಲ್ಲವೇ ಮಾಜಿ ಮೇಷ್ಟ್ರು.

೧೦-೯, ಶುಕ್ರವಾರ. ಸಂಜೆ

ಯುದ್ಧ ಬಂತು.

ಕೊನೆಯ ಪುಟ ಕಟ್ಟಿ, ಅಚ್ಚಿನ ಮೊಳೆ ಜೋಡಿಸುವ ಮಂಚಯ್ಯ ಬೀಡಿ ಹಚ್ಚಿದ್ದ. ಹೊಳೆನರಸೀಪುರದ ಬಸ್ಸಿನ ಕಂಡಕ್ಟರ್ ಒಂದು ಚೀಟಿ ಕೊಟ್ಟು ಹೋದ. ನಮ್ಮ ಅಲ್ಲಿಯ ಏಜೆಂಟ್ ರಂಗಸ್ವಾಮಿಯದು. ಸೈಕಲ್ ಶಾಪ್ ಇಟ್ಟವನು. ಪಂಕ್ಚರ್ ಹಾಕುತ್ತಲೇ ಸುದ್ದಿ ಕಳಿಸುತ್ತಾನೆ, ಕಾಗದದಲ್ಲಿ ರಬ್ಬರ್ ಸೊಲ್ಯೂಷನ್ ವಾಸನೆ. ಬರೆದಿದ್ದ: ಸಾಲಗಾಮೆಯ ಸಣ್ಣಕ್ಕನ ಮಗ ಚಲುವಯ್ಯ, ಮಿಲಿಟರಿ ಸಿಪಾಯಿ, ಯುದ್ಧದಲ್ಲಿ ಸತ್ತ. ಇಲ್ಲಿ ಅವನ ಚಿಕ್ಕಮ್ಮ ಮಾರಮ್ಮನ ಮನೆಯಲ್ಲಿ ಗೋಳು. ಕಣ್ಣಾರೆ ಕಂಡೆ.

ಯಜಮಾನರು ಎರಡು ಸಲ ಓದಿಸಿದರು. “ನಲ್ಲಿ ತೆಗೀರಿ.”

ಸಾಲಗಾಮೆ ಇಲ್ಲೇ, ಸೈಕಲ್ ತುಳಿದರೆ ಸಿಗುವ ಊರು. ಅಲ್ಲಿಯ ಸಾವು ಹೊಳೆನರಸೀಪುರ ಸುತ್ತಿ ಬಂತೇ ಎಂದು ಒಮ್ಮೆ ಅನ್ನಿಸಿತು. ಆದರೆ ಮಳೆ ಹನಿಯುತ್ತಿತ್ತು. ಮಂಚಯ್ಯ ಆಗಲೇ ಪುಟ ಬಿಚ್ಚುತ್ತಿದ್ದ. ಅಷ್ಟರಲ್ಲಿ ಎಲ್ಲಿಂದಲೋ ಅದು ತಾನಾಗಿಯೇ ಬಂದು ನಾಲಿಗೆಯ ಮೇಲೆ ಕೂತಿತು —

ಸಾಲಗಾಮೆ ಚಲುವಯ್ಯ
ಸಾವಿನಲ್ಲೂ ಗೆಲುವಯ್ಯ

ಪ್ರಾಸ ಸಿಕ್ಕ ಮೇಲೆ ಅನುಮಾನ ಸಿಗಲಿಲ್ಲ. ಇನ್ನೂ ನಾಲ್ಕು ಸಾಲು ಹೊಸೆದೆ. ಮಂಚಯ್ಯ ಮೊಳೆ ಆಯುತ್ತಲೇ ಗುನುಗಿದ. “ಸಾ, ಇದು ಕುಣಿತಕ್ಕೂ ಆಯ್ತದೆ.”

ಒಳ್ಳೆಯ ಕೆಲಸ ಮಾಡಿದ ಹಿತದಲ್ಲಿ ಮನೆಗೆ ಬಂದೆ.

೧೧-೯, ಶನಿವಾರ. ಮಧ್ಯಾಹ್ನ

ಒಂದು ಪ್ರತಿಯೂ ಉಳಿದಿಲ್ಲ. ‘ಊರುಗೋಲು’ ಹುಟ್ಟಿದ ಮೇಲೆ ಮೊದಲ ಸಲ. ನನ್ನ ಹತ್ತಿರವೂ ಇಲ್ಲ. ಅರಕಲಗೂಡು, ಚನ್ನರಾಯಪಟ್ಟಣ — ಎಲ್ಲ ಕಡೆಯಿಂದ ಇನ್ನಷ್ಟು ಕಳಿಸಿ ಅಂತ. ಯಜಮಾನರು ಮಂಡಿಯಿಂದ ಒಂದು ಎಳನೀರು ಕಳಿಸಿದರು. ಅವರ ಮಟ್ಟಿಗೆ ಅದು ಸನ್ಮಾನ.

ಮಧ್ಯಾಹ್ನ ಶಾಲೆ ಮಕ್ಕಳ ಮೆರವಣಿಗೆ. ಬಾವುಟ, ಮಂಜು, ಅದರೊಳಗಿಂದ ನನ್ನ ಸಾಲು — “ಸಾಲಗಾಮೆ ಚಲುವಯ್ಯ!” ಅಂತ ಒಂದು ಗುಂಪು, “ಸಾವಿನಲ್ಲೂ ಗೆಲುವಯ್ಯ!” ಅಂತ ಇನ್ನೊಂದು. ನೀರೊಳಗೆ ಮುಳುಗಿ ಕೇಳಿದ ಹಾಗಿತ್ತು. ಕಿಟಕಿಯಲ್ಲಿ ನಿಂತ ಚಿಕ್ಕಲಕ್ಷ್ಮಮ್ಮ ಮೆರವಣಿಗೆ ತಿರುಗುವವರೆಗೂ ನೋಡಿದಳು. ಆಮೇಲೆ ಅಂದಳು: “ಅವನ ತಾಯಿಗೂ ಕೇಳಿಸಿರುತ್ತೆ, ಅಲ್ವೆ?”

೧೩-೯, ಸೋಮವಾರ

ಕೇಳಿಸಿತ್ತು.

ಪ್ರೆಸ್ಸಿನ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಕುಕ್ಕರುಗಾಲಲ್ಲಿ ಕೂತಿದ್ದಳು, ಸೆರಗು ಒದ್ದೆ. ಮಡಿಲಲ್ಲಿ ಬಟ್ಟೆ ಸುತ್ತಿದ ಏನೋ.

“ಪೇಪರ್ನೋರು ನೀವೇಯಾ?”

“ಹೌದಮ್ಮ. ಏನಾಗಬೇಕಿತ್ತು?”

“ನಾನು ಸಣ್ಣಕ್ಕ. ಸಾಲಗಾಮೆಯೋಳು. ನನ್ ಮಗನ್ನ ಸಾಯ್ಸಿದ್ದು ನೀವೇಯಾ ಅಂತ ಕೇಳಕ್ ಬಂದೆ.”

ಕೂರಲು ಸ್ಟೂಲು ಕೊಟ್ಟರೆ ಕೂರಲಿಲ್ಲ. ಬಟ್ಟೆ ಬಿಚ್ಚಿದಳು. ಫೋಟೋ. ಯೂನಿಫಾರಂ ತೊಟ್ಟ ಹುಡುಗ, ಕಿವಿ ಸ್ವಲ್ಪ ಅಗಲ, ನಗು ತಡೆದುಕೊಂಡ ಮುಖ. ಆಗ ಹೇಳಿದಳು. ನಾನು ಅರ್ಥ ಮಾಡಿಕೊಂಡಷ್ಟು ಬರೆಯುತ್ತೇನೆ.

ಕಳೆದ ಗುರುವಾರ ಜಗುಲಿಯ ಗೋಡೆಯಲ್ಲಿದ್ದ ಈ ಪಟದ ಮೇಲೆ ಕಾಗೆ ಬಂದು ಕೂತಿತು. ಸರಿಯಾಗಿ ಹುಡುಗನ ತಲೆಯ ಹತ್ತಿರ. ಕಾಗೆ ತಲೆ ಮುಟ್ಟಿದರೆ ಆಯಸ್ಸಿಗೆ ಕುತ್ತು. ಅದಕ್ಕೆ ಅವರ ಕಡೆ ಒಂದು ಪರಿಹಾರ ಇದೆ: ಮುಟ್ಟಿಸಿಕೊಂಡವನು ಸತ್ತ ಅಂತ ನೆಂಟರ ಮನೆಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಿಜವೆಂದೇ ನಂಬಿ ಅಳಬೇಕು. ಅತ್ತ ಕೂಡಲೇ ಕುತ್ತು ಕಳೆಯಿತು. ಸುದ್ದಿ ತಂದವನು ಆಗ ನಿಜ ಹೇಳಿ, ಬಾಯಿಗೆ ಬೆಲ್ಲ ಹಾಕಿ ಬರುತ್ತಾನೆ. ಅತ್ತವರು ನಗುತ್ತಾರೆ. ಮುಗಿಯಿತು.

ಶುಕ್ರವಾರ ತಂಗಿ ಮಾರಮ್ಮನಿಗೆ ಸುದ್ದಿ ಕಳಿಸಿದ್ದಳು. ಮಾರಮ್ಮ ಅತ್ತಳು. ಅದನ್ನು ರಂಗಸ್ವಾಮಿ ಕೇಳಿದ. ಬೆಲ್ಲ ಬರುವುದಕ್ಕೆ ಮೊದಲೇ ಬಸ್ಸು ಹೊರಟಿತು.

ನನಗೆ ನಗು ಬರಬೇಕಿತ್ತು. ಬರಲಿಲ್ಲ.

“ಹಾಗಾದರೆ ಚಲುವಯ್ಯ ಬದುಕಿದ್ದಾನೆ.”

“ಬದ್ಕವ್ನೆ ಅಂತ್ಲೇ ಕಣಪ್ಪಾ ನಾನು ಸುಳ್ಳೇಳಿದ್ದು.” ಫೋಟೋವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. “ಈಗ್ ನೋಡು, ನಾನೇ ಏಳಿದ್ ಸುಳ್ಳು. ಅಚ್ಚಾಗ್ ಬಂದ್ಮೇಲೆ ನಂಗೇ ದಿಗಿಲು. ಮಕ್ಳೆಲ್ಲ ಪದ ಏಳ್ಕಂಡ್ ಓಯ್ತಾವೆ. ನಿಜ ಇದ್ರೂ ಇರ್ಬೈದೇನೋ, ಸರ್ಕಾರ್ದೋರಿಗೆ ಗೊತ್ತೇನೋ, ನಂಗೇ ಗೊತ್ತಿಲ್ವೇನೋ ಅಂತ.”

ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತಳು. “ಬರೀವಾಗ ಅತ್ಯೇನಪ್ಪಾ?”

“ಇಲ್ಲಮ್ಮ.”

“ಅದೇ ಮತ್ತೆ. ಅತ್ತಿದ್ರೆ ನಿನ್ ತಾವೂ ಕಳ್ದೋಗದು. ನೀನು ಪದ ಕಟ್ಬುಟ್ಟೆ.”

೧೪-೯, ಮಂಗಳವಾರ. ನಸುಕು

ಕನಸು. ಪ್ರೆಸ್ಸಿನಲ್ಲಿ ಮೊಳೆಗಳ ಖಾನೆ ಎಳೆದರೆ ಒಳಗೆಲ್ಲ ಕಾಗೆಗಳು. ಒಂದೊಂದು ಖಾನೆಯಲ್ಲಿ ಒಂದೊಂದು, ಸಣ್ಣವು, ಸೀಸದ ಬಣ್ಣದವು, ರೆಕ್ಕೆ ಮಡಿಸಿ ಮಲಗಿವೆ. ಮಂಚಯ್ಯ ಅವನ್ನೇ ಎತ್ತಿ ಸಾಲಾಗಿ ಜೋಡಿಸುತ್ತಿದ್ದ. “ಕಚ್ಚಲ್ವೇನಯ್ಯ?” ಅಂದೆ. “ಅಚ್ಚಾದ್ಮೇಲೆ ಕಚ್ತವೆ ಸಾ” ಅಂದ. ಕನಸಿನಲ್ಲೂ ಅಚ್ಚಿಗೆ ಕಚ್ಚು. ನನ್ನ ಚಾಳಿ ಅವನಿಗೂ ಹತ್ತಿದೆ.

ಅದೇ ದಿನ, ಸಂಜೆ

ಯಜಮಾನರಿಗೆ ಎಲ್ಲ ಹೇಳಿದೆ. ಲೆಕ್ಕದ ಪುಸ್ತಕದಿಂದ ಕಣ್ಣೆತ್ತಲಿಲ್ಲ.

“ಕಾಗೆ ಕೂತಿತ್ತು ಅಂತ ತಿದ್ದುಪಡಿ ಹಾಕೋದಾ? ಜನ ನಗ್ತಾರೆ ಮೇಷ್ಟ್ರೇ.”

“ನಗಲಿ ಸಾರ್. ಈಗ ಅಳ್ತಿದ್ದಾರೆ.”

“ಶನಿವಾರ ಪಾರ್ಕಿನಲ್ಲಿ ಸಂತಾಪ ಸಭೆ ಇಟ್ಟಿದ್ದಾರೆ. ದೊಡ್ಡ ಮನುಷ್ಯರೆಲ್ಲ ಬರ್ತಾರೆ. ನಿಮ್ಮ ಪದ್ಯ ಓದ್ತಾರಂತೆ. ಈಗ ಹೋಗಿ ಸತ್ತವನು ಸತ್ತಿಲ್ಲ ಅಂದ್ರೆ? ಸರಿಯಾಗಿ ತಿಳೀಲಿ, ಆಮೇಲೆ ನೋಡೋಣ.”

ತಿಳಿಯುವ ಮೊದಲು ಸಾಯಿಸಬಹುದು, ತಿಳಿದ ಮೇಲೆ ಮಾತ್ರ ಬದುಕಿಸಬಹುದು. ನಮ್ಮ ಕಾನೂನು. ಇದನ್ನು ಅವರಿಗೆ ಹೇಳಲಿಲ್ಲ. ಇಲ್ಲಿ ಬರೆಯುವಷ್ಟು ಧೈರ್ಯ ನನ್ನದು.

೧೫-೯, ಬುಧವಾರ. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ, ಮೊಣಕಾಲ ಮೇಲೆ ಬರೆದದ್ದು

ರಂಗಸ್ವಾಮಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ.

“ಕಣ್ಣಾರೆ ಕಂಡೆ ಅಂತ ಬರೆದೆಯಲ್ಲ, ಏನು ಕಂಡೆ?”

“ಅಳು ಕಂಡೆ ಸಾ.”

“ಸಾವು?”

“ಅಳು ಕಂಡ್ಮೇಲೆ ಸಾವ ಬ್ಯಾರೆ ನೋಡ್ಬೇಕಾ ಸಾ?” ಗುಳ್ಳೆ ಸಿಕ್ಕಿತು, ಬೆರಳಿಟ್ಟು ಒತ್ತಿದ. “ಇನ್ನೊಂದ್ ಗಳಿಗೆ ನಿಂತಿದ್ರೆ ಬೆಲ್ಲ ನಂಗೂ ಸಿಗದು. ಬಸ್ಸು ಓಗ್ಬುಡ್ತಿತ್ತಲ್ಲ ಸಾ. ನೀವೇ ಅಲ್ವಾ ಏಳಿದ್ದು, ಸುಕ್ರವಾರ ಬಸ್ ತಪ್ಪುಸ್ಬ್ಯಾಡ ಅಂತ?”

ಹೌದು. ನಾನೇ ಹೇಳಿದ್ದು.

ಮಾರಮ್ಮನ ಮನೆಗೂ ಹೋದೆ. ನನಗೆ ಕೂರಲು ಚಾಪೆ ಹಾಸಿ, ತಾನು ಹೊಸ್ತಿಲಲ್ಲಿ ಕೂತಳು. “ಸುಳ್ಳು ಅಂದಾಗ ಎಷ್ಟ್ ನಕ್ಕೆ ಗೊತ್ತಾ? ಅಕ್ಕಂಗೆ ಬಾಯ್ ತುಂಬ ಬೈದೆ. ಬೆಲ್ಲ ತಿಂದೆ. ಮಾರ್ನೆ ದಿನ ಪೇಪರ್ನಾಗ್ ಬಂದದೆ ಅಂದ್ರು. ಇನ್ನೊಂದ್ ಕಿತ ಅತ್ತೆ. ಆಗ ಯಾರೂ ಬೆಲ್ಲ ತರ್ಲಿಲ್ಲ.”

ಹೇಮಾವತಿ ತುಂಬಿ ಹರಿಯುತ್ತಿದೆ. ದಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಕೆಂಪು ನೀರು, ಅದರ ಮೇಲೆ ತೇಲುವ ಒಂದು ತೆಂಗಿನ ಗರಿ… ಎಲ್ಲಿಂದ ಹೊರಟಿತೋ, ಎಲ್ಲಿ ನಿಲ್ಲುತ್ತದೋ. ನೋಡುತ್ತ ನೋಡುತ್ತ ದಡವೇ ಚಲಿಸಿದಂತೆ, ನೀರೇ ನಿಂತಂತೆ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ.

೧೬-೯, ಗುರುವಾರ

ಸರ್ಕಾರಿ ಕಚೇರಿಗೆ ಹೋಗಿ ಕೇಳಿದೆ. ಸತ್ತವರ ಪಟ್ಟಿಯಲ್ಲಿ ಚಲುವಯ್ಯ ಇದ್ದಾನೆಯೇ?

“ಪಟ್ಟಿ ಬಂದಿಲ್ಲ.”

ಹಾಗಾದರೆ ಬದುಕಿದ್ದಾನೆ ಅನ್ನಬಹುದೇ?

ಗುಮಾಸ್ತರು ಪೆನ್ನಿನ ಕ್ಯಾಪು ಹಾಕಿದರು. “ಪಟ್ಟಿ ಬಂದಿಲ್ಲ ಅನ್ನಬಹುದು.”

ಇಡೀ ವಾರದಲ್ಲಿ ನಾನು ಕೇಳಿದ ಒಂದೇ ಒಂದು ಪೂರ್ತಿ ನಿಜವಾದ ವಾಕ್ಯ.

೧೮-೯, ಶನಿವಾರ

ಸಂಚಿಕೆ ಬಂತು. ತಿದ್ದುಪಡಿ ಇಲ್ಲ. ಸಭೆಗೆ ನಾನು ಹೋಗಲಿಲ್ಲ. ಮನೆಯವರೆಗೂ ಲೌಡ್‌ಸ್ಪೀಕರ್ ಕೇಳಿತು. ನನ್ನ ಸಾಲುಗಳನ್ನು ಯಾರೋ ರಾಗವಾಗಿ ಹಾಡಿದರು, ಕೊನೆಯ ‘ಗೆಲುವಯ್ಯ’ ಗಾಳಿಗೆ ಸಿಕ್ಕಿ ‘ಅಯ್ಯ… ಅಯ್ಯ…’ ಎಂದು ಮಾತ್ರ ಉಳಿಯಿತು.

ಚಿಕ್ಕಲಕ್ಷ್ಮಮ್ಮ ಕಿಟಕಿ ಮುಚ್ಚಿದಳು. ಸೆಕೆಯಿರಲಿಲ್ಲ, ಚಳಿಯೂ ಇರಲಿಲ್ಲ.

೧೯-೯, ಭಾನುವಾರ. ಮಧ್ಯಾಹ್ನ

ಸಣ್ಣಕ್ಕ ಮನೆಗೇ ಬಂದಳು. ಅರಕಲಗೂಡಿನ ಕಡೆಯಿಂದ ನೇರವಾಗಿ. ಸೊಸೆಯ ತವರು ಅಲ್ಲಿ.

ಸೊಸೆ ಪಾರ್ವತಮ್ಮನಿಗೆ ಏಳು ತಿಂಗಳು. ಹೋದ ತಿಂಗಳು ಹಸಿರು ಬಳೆ ತೊಡಿಸಿ ತವರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಗೆ ‘ಊರುಗೋಲು’ ಹೋಗಿದೆ. ಅವಳ ತಂದೆ ದ್ಯಾವಯ್ಯ ಸುದ್ದಿ ಕೇಳಿದ ದಿನದಿಂದ ಸೂತಕ ಹಿಡಿದಿದ್ದಾನೆ. ಬುಧವಾರ ತಿಥಿ. ಅವತ್ತು ಕೆರೆಯ ಹತ್ತಿರ ಹುಡುಗಿಯ ಬಳೆ ಒಡೆಯುತ್ತಾರೆ.

“ನಾನು ಓಗಿ ಕಾಲ್ ಕಟ್ಕಂಡೆ ಕಣಪ್ಪಾ. ಸುಳ್ಳು ಬೀಗ್ರೇ, ನಾನೇ ಏಳ್ಕಳಿಸಿದ್ದು, ಕಾಗೆ ಕೂತಿತ್ತು ಅಂದೆ. ‘ಅವತ್ತು ಸತ್ತ ಅಂದೋಳೂ ನೀನೇ, ಇವತ್ತು ಬದ್ಕವ್ನೆ ಅನ್ನೋಳೂ ನೀನೇ. ಸೊಸೆ ಕೈ ಬುಟ್ಟೋಯ್ತಾಳೆ ಅಂತ ಇಂಗಾಡ್ತೀಯ. ಪೇಪರ್ನೋರು ಸುಳ್ಳು ಬರ್ದಾರಾ?’ ಅಂದ್ಬುಟ್ಟ.”

“ಆ ಹುಡುಗಿ?”

“ಮೂಲೇಲ್ ಕುಂತವ್ಳೆ. ಅಳಾಕಿಲ್ಲ, ನಗಾಕಿಲ್ಲ. ಬಳೆ ಮ್ಯಾಲೆ ಸೆರ್ಗ್ ಮುಚ್ಕಂಡ್ ಕುಂತವ್ಳೆ.”

ಚಿಕ್ಕಲಕ್ಷ್ಮಮ್ಮ ಅವಳಿಗೆ ಅನ್ನ ಹಾಕಿದಳು. ನನಗೆ ಹಾಕುವಾಗ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಮುಂದಿನ ಸಂಚಿಕೆ ಶನಿವಾರ. ತಿಥಿ ಬುಧವಾರ.

೨೦-೯, ಸೋಮವಾರ. ಸಂಜೆ

ಬೆಳಿಗ್ಗೆ ಯಜಮಾನರ ಮನೆಗೇ ಹೋಗಿ ಅವರ ಮುಂದೆ ನಿಂತೆ. ಬಳೆಯ ವಿಷಯ ಹೇಳಿದೆ. ಅವರಿಗೂ ಮಗಳಿದ್ದಾಳೆ, ಬಾಣಂತನಕ್ಕೆ ಬಂದಿದ್ದಾಳೆ. ಪುಸ್ತಕ ಮುಚ್ಚಿದರು.

“ಆಯ್ತು, ಬದುಕಿಸಿ. ಸ್ಪೆಷಲ್ ಪುರವಣಿ ಮಾಡಿ. ‘ವೀರ ಚಲುವಯ್ಯ ಜೀವಂತ!’ ಅಂತ ದಪ್ಪ ಅಕ್ಷರದಲ್ಲಿ. ಅದೂ ಹೋಗುತ್ತೆ.”

ಕೂಡಲೇ ಬಂತು. ನಾನು ಕರೆಯಲಿಲ್ಲ, ಅದೇ ಬಂತು — ‘ಸಾಲಗಾಮೆ ಚಲುವಯ್ಯ, ಸಾವ ಗೆದ್ದು ಉಳಿವಯ್ಯ’. ಮೊದಲಿನದಕ್ಕಿಂತ ಚೆನ್ನಾಗಿದೆ. ಅದೇ ಭಯವಾಯಿತು. ಆ ಶುಕ್ರವಾರವೂ ಹೀಗೆಯೇ ಚೆನ್ನಾಗಿತ್ತು.

“ಬದುಕಿದ್ದಾನೆ ಅಂತ ನಮಗೆ ಗೊತ್ತಿಲ್ಲ ಸಾರ್.”

“ತಾಯಿ ಹೇಳ್ತಿದ್ದಾಳಲ್ರೀ!”

“ತಾಯಿ ಸುದ್ದಿ ಸುಳ್ಳು ಅಂತ ಹೇಳ್ತಿದ್ದಾಳೆ. ಮಗನನ್ನ ಅವಳೂ ನೋಡಿಲ್ಲ. ಯುದ್ಧ ಇನ್ನೂ ನಡೀತಾ ಇದೆ. ಇವತ್ತು ಬದುಕಿಸಿ, ನಾಳೆ ಅವನು ನಿಜವಾಗಿ…”

“ಮತ್ತೆ ಏನಂತ ಹಾಕ್ತೀರಿ?”

“ಗೊತ್ತಿಲ್ಲ ಅಂತ.”

ಯಜಮಾನರು ನನ್ನನ್ನೇ ನೋಡಿದರು. ಗೊತ್ತಿಲ್ಲ ಎಂದು ಹೇಳಲು ಪತ್ರಿಕೆ ಯಾಕೆ ಬೇಕು ಎಂದು ಕೇಳಿದರು. ಆಮೇಲೆ ಒಳಗಿನಿಂದ ಮಗುವಿನ ಅಳು ಕೇಳಿತು. “ಏನಾದ್ರೂ ಮಾಡ್ಕೊಳ್ರಿ” ಅಂದು ಎದ್ದು ಹೋದರು.

ಅರ್ಧ ಹಾಳೆ. ಮಂಚಯ್ಯ ಜೋಡಿಸಿದ, ನಾನು ಟ್ರೆಡಲ್ ಯಂತ್ರ ತುಳಿದೆ. ಪ್ರಾಸವಿಲ್ಲದ ಗದ್ಯ. ಕಾಲಿಗೆ ಭಾರ.

“ಸೆಪ್ಟೆಂಬರ್ ೧೧ರ ಸಂಚಿಕೆಯಲ್ಲಿ, ಸಾಲಗಾಮೆಯ ಸಿಪಾಯಿ ಚಲುವಯ್ಯನವರು ರಣರಂಗದಲ್ಲಿ ಮಡಿದರು ಎಂದು ಬರೆದೆವು. ಅದು ನಮಗೆ ಗೊತ್ತಿರಲಿಲ್ಲ. ಒಂದು ಮನೆಯ ಅಳು ಕೇಳಿ ಬರೆದೆವು. ಆ ಮನೆಗೆ ಹೋಗಿ ವಿಚಾರಿಸಲಿಲ್ಲ. ಅವರು ಇದ್ದಾರೆಯೋ ಇಲ್ಲವೋ ಎಂಬುದು ಈ ಹೊತ್ತಿಗೂ ನಮಗೆ ಗೊತ್ತಿಲ್ಲ. ಸರ್ಕಾರದಿಂದ ಯಾವ ಸುದ್ದಿಯೂ ಬಂದಿಲ್ಲ. ತಪ್ಪು ನಮ್ಮದು.”

ಮಂಚಯ್ಯ ಓದಿ ತಲೆ ಕೆರೆದುಕೊಂಡ. “ಸಾ, ಇದು ಯಾವ ಕುಣಿತಕ್ಕೂ ಆಗಲ್ಲ.”

೨೧-೯, ಮಂಗಳವಾರ. ಸಂಜೆ

ಅರಕಲಗೂಡಿನ ಬಸ್ಸು. ಕಂಕುಳಲ್ಲಿ ಹಾಳೆಗಳ ಕಟ್ಟು, ಶಾಯಿ ಪೂರ್ತಿ ಆರಿರಲಿಲ್ಲ. ಕಿಟಕಿಯ ಹೊರಗೆ ಮಂಜು, ಮಂಜಿನಲ್ಲಿ ರಾಗಿ ಹೊಲ, ಹೊಲದಲ್ಲಿ ಬೆದರುಬೊಂಬೆ. ಒಂದೊಂದೂ ಯೂನಿಫಾರಂ ತೊಟ್ಟು ನಿಂತ ಹಾಗೆ ಕಂಡಿತು. ಕಿವಿ ಅಗಲ… ನಗು ತಡೆದ ಮುಖ… ತೂಕಡಿಸಿದೆ. ಎದ್ದಾಗ ಎದುರಿನವನ ಪಂಚೆಯ ಮೇಲೆ ನಮ್ಮ ತಿದ್ದುಪಡಿ ಉಲ್ಟಾ ಅಚ್ಚಾಗಿತ್ತು. ಅವನನ್ನೂ ಕ್ಷಮೆ ಕೇಳಿದೆ. ಒಂದೇ ದಿನ ಎರಡು.

ದ್ಯಾವಯ್ಯನ ಮನೆ ಮುಂದೆ ಸೌದೆ ಒಟ್ಟಿತ್ತು. ನಾಳೆಯ ಅಡುಗೆಗೆ. ಹತ್ತು ಹನ್ನೆರಡು ಜನ. ನಾನು ಯಾರೆಂದು ಹೇಳಿದೆ. ಪೇಪರಿನವರು ಎಂದೊಡನೆ ಜಗುಲಿ ಗುಡಿಸಿದರು. ಆ ಮರ್ಯಾದೆ ಚುಚ್ಚಿತು.

ಹಾಳೆ ಓದಿದೆ. ದ್ಯಾವಯ್ಯ ಹತ್ತಿರ ಬಂದ. ಉದ್ದ ಮನುಷ್ಯ, ಹೆಗಲ ಮೇಲೆ ಟವಲು.

“ಇದ್ರಾಗೆ ಅವ್ನು ಬದ್ಕವ್ನೆ ಅಂತ ಇಲ್ವಲ್ಲ ಸಾ.”

“ಇಲ್ಲ.”

“ಸತ್ತವ್ನೆ ಅಂತ್ಲೂ ಇಲ್ಲ.”

“ಇಲ್ಲ.”

“ಮತ್ತೆ ಇಷ್ಟ್ ದೂರ ಏನ್ ಏಳಕ್ ಬಂದ್ರಿ?”

“ಗೊತ್ತಿಲ್ಲ ಅಂತ ಹೇಳಕ್ಕೆ.”

ಯಾರೋ ಕಿಸಕ್ಕನೆ ನಕ್ಕರು. ದ್ಯಾವಯ್ಯ ನಗಲಿಲ್ಲ. ಹಾಳೆ ಇಸಕೊಂಡ. ಓದಲು ಬಾರದವನು, ಆದರೂ ತಿರುಗಿಸಿ ಮುರುಗಿಸಿ ನೋಡಿದ. ಗುಮಾಸ್ತರದಂಥ ವಾಕ್ಯಕ್ಕೆ ಇವರು ಯಾಕೆ ಬೆಲೆ ಕೊಡಬೇಕು?

“ಬದ್ಕವ್ನೆ ಅಂತ ಬರ್ಕಂಡ್ ಬಂದಿದ್ರೆ ನಿಮ್ಮನ್ ಇಲ್ಲಿಂದ್ಲೇ ಕಳಿಸ್ಬುಡ್ತಿದ್ದೆ” ಅಂದ. “ಬೀಗಿತ್ತಿ ಏಳ್ಕೊಟ್ಟವ್ಳೆ ಅಂತಿದ್ದೆ. ಗೊತ್ತಿಲ್ಲ ಅನ್ನಕ್ಕೆ ಯಾರೂ ಬಸ್ಸಿಗ್ ಕಾಸ್ ಕೊಟ್ಕಂಡ್ ಬರಾಕಿಲ್ಲ.” ಸೌದೆಯ ಕಡೆ ತಿರುಗಿದ. “ಲೇ, ಇದ್ದಾನೋ ಇಲ್ವೋ ಗೊತ್ತಿಲ್ದೋನ್ಗೆ ತಿಥಿ ಮಾಡಕ್ಕಾಯ್ತದೇನ್ಲಾ? ಎತ್ರಲಾ ಅದ್ನ. ಇತ್ಲಿಗ್ ಆಕ್ರಿ.”

ಸೌದೆ ಎತ್ತುವ ಸದ್ದು. ಅದರ ನಡುವೆ, ಬಾಗಿಲ ಹಿಂದೆ, ಬಳೆಗಳ ಸದ್ದು. ಬಹಳ ಸಣ್ಣದು. ಮುಚ್ಚಿದ ಸೆರಗು ತೆಗೆದಿರಬೇಕು.

ಹೊರಡುವಾಗ ಆ ಹುಡುಗಿ ಹೊಸ್ತಿಲವರೆಗೆ ಬಂದಳು. ನೆಲ ನೋಡುತ್ತ ಕೇಳಿದಳು: “ಆ ಪದ ನೀವ್ ಕಟ್ಟಿದ್ದಾ?”

“ಹೂಂ.”

“ಚೆಂದಾಗದೆ.” ಬಳೆ ಸರಿಸಿಕೊಂಡು: “ಮುಂದಕ್ ಏನೇ ಸುದ್ದಿ ಬರ್ಲಿ, ಮೊದ್ಲು ನಂಗೇಳಿ. ಆಮ್ಯಾಕ್ ಅಚ್ಚಾಕಿ.”

ಪತ್ರಿಕಾಧರ್ಮದ ಬಗ್ಗೆ ಪತ್ರಕರ್ತರ ಸಂಘದ ಸಭೆಯಲ್ಲಿ ಎರಡು ಗಂಟೆ ಭಾಷಣ ಕೇಳಿದ್ದೇನೆ. ಇಷ್ಟು ಹೇಳಿರಲಿಲ್ಲ.

೨೩-೯, ಗುರುವಾರ

ಕದನ ವಿರಾಮ. ಪಾರ್ಕಿನ ರೇಡಿಯೋ ಮುಂದೆ ಜನ ಒಬ್ಬರನ್ನೊಬ್ಬರು ತಬ್ಬಿದರು. ನಾನು ಸಾಲಗಾಮೆಯ ಕಡೆ ಸೈಕಲ್ ತುಳಿದೆ. ಹೇಳಲು ಹೊಸದೇನೂ ಇರಲಿಲ್ಲ. ಸಣ್ಣಕ್ಕ ಜಗುಲಿಯಲ್ಲಿ ಕೂತು ಕಾಗೆ ಓಡಿಸುತ್ತಿದ್ದಳು. ಪಟ ಒಳಗೆ ಇಟ್ಟಿದ್ದಾಳೆ. ಆದರೂ ಓಡಿಸುತ್ತಿದ್ದಳು. ಪಕ್ಕದಲ್ಲಿ ಕೂತೆ. ಅವಳು “ಉಶ್” ಅಂದಾಗ ನಾನೂ ಒಂದೆರಡು ಸಲ “ಉಶ್” ಅಂದೆ.

೧೯-೧೦, ಮಂಗಳವಾರ

ಬರೆಯದೆ ತಿಂಗಳಾಗುತ್ತ ಬಂತು. ಬರೆಯಲು ಕೂತರೆ ಪ್ರಾಸ ಬರುತ್ತದೆ, ಎದ್ದುಬಿಡುತ್ತೇನೆ.

ಇವತ್ತು ಸಾಲಗಾಮೆಗೆ ಕಾರ್ಡು ಬಂತು. ಚಲುವಯ್ಯನದೇ ಕೈಬರಹ, ಯುದ್ಧ ನಿಂತ ಮೇಲಿನ ತಾರೀಖು. ಕಾಲಿಗೆ ಪೆಟ್ಟು, ಆಸ್ಪತ್ರೆಯಲ್ಲಿದ್ದಾನೆ, ನಡೆಯುತ್ತಾನೆ. ಸಣ್ಣಕ್ಕನ ಕೈಯಿಂದ ಕಾರ್ಡು ಇಸಕೊಂಡು ಮೂರು ಸಲ ಓದಿದೆ. ಮೊದಲು ಅರಕಲಗೂಡಿಗೆ, ಪಾರ್ವತಮ್ಮನ ಹತ್ತಿರ, ಆಳು ಕಳಿಸಿದೆ. ಅವನು ಹಿಂತಿರುಗಿ ಬಂದು, ಹೇಳಿದೆ ಸಾ, ಅವಳು ಈಗ ಅತ್ತಳು ಸಾ, ಅಂದ ಮೇಲೆ ಮಂಚಯ್ಯನಿಗೆ ಎರಡು ಸಾಲು ಕೊಟ್ಟೆ.

“ಇಷ್ಟೇನಾ ಸಾ?” ಅಂದ.

“ಇಷ್ಟೇ.”

೫-೧೨, ಭಾನುವಾರ. ಸಂಜೆ

ಚಲುವಯ್ಯ ಬಂದ. 

ರಜದ ಮೇಲೆ ಬಂದವನು, ತಾಯಿಯನ್ನೂ ಕರೆದುಕೊಂಡು ಮನೆಗೇ ಬಂದ. ಸ್ವಲ್ಪ ಕುಂಟುತ್ತಾನೆ. ಕಿವಿ ಫೋಟೋದಲ್ಲಿದ್ದಷ್ಟೇ ಅಗಲ. ಮಗಳು ಹುಟ್ಟಿದ್ದಾಳಂತೆ, ನೋಡಿಕೊಂಡೇ ಬಂದನಂತೆ. ಬಾಗಿಲಲ್ಲಿ ಸೆಲ್ಯೂಟ್ ಹೊಡೆದ. ನಾನು ಏನು ಮಾಡಬೇಕೋ ತಿಳಿಯದೆ ನಮಸ್ಕಾರ ಮಾಡಿದೆ.

“ನಾನ್ ಸತ್ತಿದ್ ಪೇಪರ್ ಒಂದ್ ಕಾಪಿ ಐತಾ ಸಾ? ನಮ್ ಕಂಪನಿ ಉಡುಗ್ರಿಗೆ ತೋರುಸ್ಬೇಕು.”

“ಖಾಲಿಯಾಗಿ ಹೋಯ್ತಪ್ಪ.”

“ನೋಡವ್ವಾ, ಬದ್ಕಿದ್ರೆ ಯಾರೂ ಕೊಂಡ್ಕತಾ ಇರ್ನಿಲ್ಲ!”

ಎಲ್ಲರೂ ನಕ್ಕೆವು. ನಾನೂ ನಗುತ್ತಿದ್ದೆ ಎಂದುಕೊಂಡಿದ್ದೆ. ಕನ್ನಡಕ ಮಂಜಾಯಿತು, ತೆಗೆದು ಒರೆಸಿದೆ, ಮತ್ತೆ ಮಂಜಾಯಿತು. ಸಣ್ಣಕ್ಕ ಕಂಡಳು. ಸೆರಗಿನ ಗಂಟು ಬಿಚ್ಚಿ, ಬೆಲ್ಲದ ಒಂದು ಚೂರು ನನ್ನ ಅಂಗೈಯಲ್ಲಿಟ್ಟಳು. “ತಿನ್ನಪ್ಪಾ. ಈಗ್ ಕಳೀತು.” ತಂದೇ ಇದ್ದಳು ಎಂದರೆ, ನಾನು ಅಳುತ್ತೇನೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಹೆಂಗಸರು ಒಳಗೆ ಹೋದ ಮೇಲೆ ಅವನ ನಗು ಇಳಿಯಿತು. ದನಿ ತಗ್ಗಿಸಿದ.

“ಸಾ, ನನ್ ಜೊತೆ ಒಬ್ಬ ಇದ್ದ. ನುಗ್ಗೇಹಳ್ಳಿ ತಾವಿನೋನು. ಪತ್ತೆ ಇಲ್ಲ ಅಂತ ಅವ್ರ್ ಮನೇಗೆ ಕಾಗ್ದ ಓಗದೆ. ಅವ್ರು ಇನ್ನೂ ಕಾಯ್ತಾವ್ರೆ. ನೀವ್ ಒಂದೀಟು ಬರೀರಿ ಅವ್ನ್ ಮ್ಯಾಲೆ. ಪದ ಬ್ಯಾಡ.”

ಆ ಮಾತು ನನ್ನ ಬಾಯಿಂದ ಹೊರಡುವುದಕ್ಕೆ ಬಹಳ ಹೊತ್ತು ಹಿಡಿಯಿತು. ಸೆಪ್ಟೆಂಬರಿನಲ್ಲಿ ಯಾರನ್ನಾದರೂ ಕೇಳಬೇಕಿದ್ದ ಮಾತು. ಈಗ, ಈ ಹುಡುಗನನ್ನು ಕೇಳಬಾರದ ಮಾತು.

“ಚಲುವಯ್ಯ… ನೀನು ಕಣ್ಣಾರೆ ಕಂಡೆಯಾ?”

ಅವನು ಕಿಟಕಿಯ ಹೊರಗೆ ನೋಡಿದ. ಒಳಗೆ ಚಿಕ್ಕಲಕ್ಷ್ಮಮ್ಮ ಕಾಫಿ ಆರಿಸುವ ಸದ್ದು. ಮೇಲೆತ್ತಿ, ಕೆಳಗೆ ಸುರಿದು, ಮೇಲೆತ್ತಿ…

ಆಮೇಲೆ ಹೇಳಿದ. ಎಲ್ಲವನ್ನೂ ಹೇಳಿದ.

೬-೧೨, ಸೋಮವಾರ. ಬೆಳಿಗ್ಗೆ

ಅವನು ಹೇಳಿದ್ದನ್ನು ಇಲ್ಲಿ ಬರೆಯೋಣ ಎಂದು ಕೂತೆ. ಬರೆಯಲಾಗದು. ಪ್ರೆಸ್ಸಿಗೂ ಕೊಟ್ಟಿಲ್ಲ. ಯಜಮಾನರಿಗೂ ಹೇಳಿಲ್ಲ. ಇಷ್ಟು ದಿನ ಆ ಮನೆಯಲ್ಲಿ ‘ಗೊತ್ತಿಲ್ಲ’ ಎಂಬುದೊಂದು ದೀಪ ಇತ್ತು. ಅದನ್ನು ಆರಿಸುವವರು ಎದುರು ಕೂತು ಆರಿಸಬೇಕು.

ರಾತ್ರಿ ಇಲ್ಲೇ ಉಳಿದಿದ್ದ ಚಲುವಯ್ಯ ಜಗುಲಿಯಲ್ಲಿ ಬೂಟು ಕಟ್ಟುತ್ತಿದ್ದಾನೆ. ಚನ್ನರಾಯಪಟ್ಟಣದ ಬಸ್ಸು, ಅಲ್ಲಿಂದ ನುಗ್ಗೇಹಳ್ಳಿ. ಮಂಜು ಇನ್ನೂ ಎದ್ದಿಲ್ಲ. ಚಿಕ್ಕಲಕ್ಷ್ಮಮ್ಮ ನನ್ನ ಚೀಲದಲ್ಲಿ ಬುತ್ತಿ ಇಟ್ಟು, ನೋಟ್‌ಬುಕ್ ತೆಗೆದು ಹೊರಗಿಟ್ಟಳು. ಸರಿ ಅನ್ನಿಸಿತು.

ಹುಡುಗನ ಹೆಸರು ನಿನ್ನೆಯಿಂದ ತಲೆಯಲ್ಲಿ ತಿರುಗುತ್ತಿದೆ. ಪ್ರಾಸವೂ ಅದರ ಹಿಂದೆಯೇ ಬಂದು ನಿಂತಿದೆ, ಬಾಗಿಲಲ್ಲಿ, ಒಳಗೆ ಕರೆಯಲಿ ಎಂದು. ಕರೆಯುವುದಿಲ್ಲ. ಮೊದಲು ಆ ಮನೆ. ಅವನ ತಾಯಿ. ಹೆಸರು ಆಮೇಲೆ, ಅವಳು ಬರೆಯಪ್ಪಾ ಅಂದರೆ, ಆಗ

ಚಲುವಯ್ಯ ಕರೆಯುತ್ತಿದ್ದಾನೆ — ಬಸ್ಸು